ನಡುಹೊಳೆಯಲ್ಲಿ ನಲವತ್ತು ನಿಮಿಷ

ಪ್ರೀತಿಯ ಅಣ್ಣನಿಗೆ,

ನಿನ್ನ ಆಫೀಸಿಗೂ ನಾನು ಕೂತಿರುವ ಟಿಕೆಟ್ ಕೌಂಟರಿಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ನೀನು ಕೆಮ್ಮಿದರೂ ನನಗೆ ಕೇಳಿಸುತ್ತದೆ. ಆದರೂ ಎರಡು ದಿನದಿಂದ ನಮ್ಮ ನಡುವೆ ಮಾತಿಲ್ಲ. ಎದುರಿಗೆ ನಿಂತರೆ ನೀನು ದನಿ ಏರಿಸುತ್ತೀಯ, ನಾನು ಬಾಗಿಲು ಬಡಿದು ಹೊರಡುತ್ತೇನೆ, ವಿಷಯ ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿದು ಹಾಕು.

ಗುರುವಾರ ನಾನು ನಡೆಸಿದ ಬೆಳಗಿನ ದೋಣಿ ಸಫಾರಿ ಟ್ರಿಪ್ಪಿನಲ್ಲಿ ಹದಿನಾಲ್ಕು ಜನರಿದ್ದರು. ಮರಳದಿಬ್ಬ ದಾಟಿ ಹೊಳೆ ತಿರುಗುವಲ್ಲಿ ಒಂದು ಹೆಣ್ಣುಹುಲಿ ನೀರಿಗಿಳಿಯಿತು. ಹಿಂದೆಯೇ ಎರಡು ಮರಿ. ನೀರಿನ ಮೇಲೆ ಕಾಣುತ್ತಿದ್ದದ್ದು ಮೂರು ತಲೆ, ಆರು ಕಿವಿ, ಅಷ್ಟೇ. ಈ ಹನ್ನೊಂದು ವರ್ಷದಲ್ಲಿ ದಡದ ಮೇಲೆ ಮಲಗಿದ ಹುಲಿಯನ್ನು ಎಷ್ಟೋ ಸಲ ತೋರಿಸಿದ್ದೇನೆ, ಮರಿಗಳ ಜೊತೆ ಹೊಳೆ ದಾಟುವುದನ್ನು ನೋಡಿದ್ದು ಅವತ್ತೇ ಮೊದಲು. ಜನ ಒಂದೇ ಪಕ್ಕಕ್ಕೆ ನುಗ್ಗಿದರು. "ಕೂತ್ಕೊಳ್ಳಿ, ದೋಣಿ ವಾಲುತ್ತೆ" ಎಂದು ಗದರಿ ಕೂರಿಸಿದೆ. ದೊಡ್ಡ ಕ್ಯಾಮೆರಾ ತಂದಿದ್ದವರೊಬ್ಬರು, "ಇನ್ನೂ ಹತ್ರ ಹೋಗಿ ಮೇಡಂ, ಇದಕ್ಕೇ ತಾನೇ ಇಷ್ಟು ದೂರ ಬಂದಿರೋದು" ಎಂದರು.

ನಾನು ಹೋದೆ ಅಣ್ಣ. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಅವರು ಹೇಳಿದರೆಂದು ಹೋಗಲಿಲ್ಲ, ನನಗೇ ಆಸೆಯಾಯಿತು. ಎಂಜಿನ್ ಜೋರು ಮಾಡಿ ಅವುಗಳ ಪಕ್ಕಕ್ಕೇ ನುಗ್ಗಿಸಿದೆ. ನಮ್ಮ ದೋಣಿ ಎಬ್ಬಿಸಿದ ಅಲೆ ಹಿಂದಿದ್ದ ಮರಿಯ ತಲೆಯ ಮೇಲೇ ಹಾಯಿತು. ಒಂದು ಕ್ಷಣ ಅದು ಕಾಣಲೇ ಇಲ್ಲ. ಥಟ್ಟನೆ ಎಂಜಿನ್ ವೇಗ ಇಳಿಸಿದೆ. ಆಮೇಲೆ ಸೆಳವಿನಲ್ಲಿ ಎಷ್ಟೋ ದೂರ ಕೊಚ್ಚಿಹೋಗಿ ಮೇಲೆದ್ದು, ನಡುಹೊಳೆಯಲ್ಲಿ ಸಿಕ್ಕಿಕೊಂಡಿದ್ದ ಒಣಮರಕ್ಕೆ ಉಗುರು ಹಾಕಿ ಹತ್ತಿ ಕೂತಿತು. ತಾಯಿ ಇನ್ನೊಂದು ಮರಿಯೊಡನೆ ಆಚೆ ದಡ ಸೇರಿ ತಿರುಗಿ ನೋಡಿತು. ತಾಯಿಗೂ ಮರದ ಮೇಲಿನ ಮರಿಗೂ ಮಧ್ಯೆ ಇದ್ದದ್ದು ನಮ್ಮ ದೋಣಿ.

ನಿಧಾನಕ್ಕೆ ಹಿಂದೆ ಸರಿಸಿ ಈಚೆ ದಡದ ಬಂಡೆಗೆ ಹಗ್ಗ ಹಾಕಿ ಎಂಜಿನ್ ಆರಿಸಿದೆ. ಕ್ಯಾಮೆರಾದವರು ನಿನಗೆ ಫೋನ್ ಮಾಡಿದ್ದು ಆಗಲೇ. ಕೂಡಲೇ ನೀನು ನನ್ನ ಫೋನಿಗೆ ಕರೆ ಮಾಡಿ, "ಜನರನ್ನ ಕಾಯಿಸ್ಬೇಡ, ಮುಂದಕ್ಕೆ ಹೋಗು, ಎರಡನೇ ಟ್ರಿಪ್ಪಿನವರು ದೋಣಿಕಟ್ಟೆ ಮೇಲೆ ನಿಂತಿದಾರೆ" ಎಂದೆ. ಮುಂದಕ್ಕೆ ಹೋಗಲು ಇರುವ ಒಂದೇ ದಾರಿ ಆ ಮರದ ಪಕ್ಕದ್ದು. "ಆಗಲ್ಲ ಅಣ್ಣ" ಎಂದು ಫೋನ್ ಇಟ್ಟೆ. ನಿನಗೆ ಆ ಮಾತನ್ನು ನಾನು ಹಿಂದೆಂದೂ ಹೇಳಿರಲಿಲ್ಲ.

ನಲವತ್ತು ನಿಮಿಷ ಕಾದೆವು. ಬಿಸಿಲು ಏರಿತು. ಕ್ಯಾಮೆರಾದವರ ಗೊಣಗಾಟ ನಿಲ್ಲದಿದ್ದಾಗ ಹಿಂದಿನ ಸೀಟಿನ ನಿವೃತ್ತ ನರ್ಸಮ್ಮ, "ಸುಮ್ನೆ ಕೂತ್ಕೊಳ್ಳಪ್ಪಾ, ಅವಳು ಮಗು ಬಿಟ್ಟು ಹೋಗೋಳಲ್ಲ" ಎಂದು ಅವರ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ದೋಣಿಯಿಡೀ ನಕ್ಕಿತು.

ತಾಯಿ ಮೊದಲ ಮರಿಯನ್ನು ಜೊಂಡಿನೊಳಗೆ ಅಡಗಿಸಿಟ್ಟು ಮತ್ತೆ ನೀರಿಗಿಳಿಯಿತು. ಮರದ ಸುತ್ತ ಎರಡು ಸುತ್ತು ಈಜಿತು. ಮರಿ ಇಳಿಯಲೊಲ್ಲದು. ಮೂರನೇ ಸುತ್ತಿಗೆ ಗಂಟಲಲ್ಲೇ ಏನೋ ಅಂದಿತು, ಮರಿ ದೊಪ್ಪನೆ ನೀರಿಗೆ ಬಿತ್ತು. ವಾಪಸ್ ಹೋಗುವಾಗ ತಾಯಿ ಮರಿಗಿಂತ ಹರಿವಿನ ಕೆಳಬದಿಯಲ್ಲೇ ಈಜಿತು ಅಣ್ಣ, ಸೆಳವು ಎಷ್ಟು ತಳ್ಳಿದರೂ ಮರಿ ಬಂದು ಒರಗುವುದು ಅವಳ ಮೈಗೇ. ಹಾಗೇ ದಡ ಮುಟ್ಟಿದವು. ನಾನು ಅತ್ತುಬಿಟ್ಟೆ, ಎಲ್ಲರ ಮುಂದೆಯೇ.

ಕಟ್ಟೆಗೆ ಬಂದಾಗ ನೀನು ಕ್ಯಾಮೆರಾದವರಿಗೆ ಕ್ಷಮೆ ಕೇಳಿದೆ. ನನಗೆ, "ನಾಳೆಯಿಂದ ಕೌಂಟರ್ ನೋಡ್ಕೋ" ಎಂದೆ. ನೋಡಿಕೊಂಡೆ. ನಿನ್ನೆ, ಇವತ್ತು ಟಿಕೆಟ್ ಕೇಳಿದ ಪ್ರತಿಯೊಬ್ಬರಿಗೂ, "ಹುಲಿ ಕಂಡರೆ ದೂರದಿಂದಲೇ ನೋಡ್ಬೇಕು, ದೋಣಿ ಹತ್ರ ಹೋಗಲ್ಲ, ಒಪ್ಪಿಗೆನಾ?" ಎಂದು ಕೇಳಿಯೇ ಕೊಟ್ಟಿದ್ದೇನೆ. ಒಂದು ಕುಟುಂಬ ಮುಖ ಸಿಂಡರಿಸಿ ಹೋಯಿತು. ಮಿಕ್ಕವರೆಲ್ಲ ಒಪ್ಪಿದರು. ಗೋಡೆಯ ಆಚೆ ನಿನಗೂ ಕೇಳಿಸಿರಬೇಕು.

ಅಪ್ಪ ತೀರಿಕೊಂಡ ವರ್ಷ ನೀನು ನನ್ನನ್ನು ಸ್ಟಿಯರಿಂಗಿಗೆ ಕೂರಿಸಿದಾಗ ಕಟ್ಟೆಯ ಮೇಲಿದ್ದವರೆಲ್ಲ ನಕ್ಕಿದ್ದರು. "ನಗೋರು ನಗ್ಲಿ, ನೀನು ನೀರು ನೋಡು" ಎಂದು ತಿಂಗಳಿಡೀ ಜೊತೆಗೆ ಬಂದವನು ನೀನು. ಆ ಋಣ ಇರುವುದರಿಂದಲೇ ಹೇಳದೆ ಕೇಳದೆ ಬಿಟ್ಟು ಹೋಗುತ್ತಿಲ್ಲ.

ಈಗ ನನ್ನ ತೀರ್ಮಾನ ಕೇಳು. ಈಜುವ ಹುಲಿಯ ಹತ್ತಿರ ನಾನು ಇನ್ನೆಂದೂ ದೋಣಿ ಒಯ್ಯುವುದಿಲ್ಲ, ನಮ್ಮ ದೋಣಿಯನ್ನು ಇನ್ನೊಬ್ಬರು ಒಯ್ಯುವುದನ್ನು ನೋಡಿಕೊಂಡು ಇಲ್ಲಿ ಕೂರುವುದೂ ಇಲ್ಲ. ಹೊಳೆಯ ಮೇಲ್ಬದಿಯ ದಾಟಿನಲ್ಲಿ ಸೈಕಲ್ಲು, ಮೇಷ್ಟ್ರು, ಮಕ್ಕಳನ್ನು ದಾಟಿಸುವ ದೋಣಿಗೆ ಆಳು ಬೇಕಂತೆ, ಕರೆದಿದ್ದಾರೆ. ಸೋಮವಾರ ನಾನು ಹೊಳೆಯ ಮೇಲಿರುತ್ತೇನೆ, ನಿನ್ನ ದೋಣಿಯಲ್ಲೋ ಅವರದರಲ್ಲೋ, ಅದನ್ನು ನೀನು ಹೇಳಬೇಕು.

ನನ್ನ ಬಳಿಯಿದ್ದ ದೋಣಿಯ ಕೀಲಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ನನ್ನ ಮಾತಿಗೆ ಒಪ್ಪಿ ಅದನ್ನು ವಾಪಸ್ ಕೊಡುವ ಮನಸ್ಸಿದ್ದರೆ ಸೋಮವಾರ ಬೆಳಗ್ಗೆ ಆರಕ್ಕೆ ಮೊದಲು ಕಟ್ಟೆಗೆ ಬಾ. ಬಂದವನು ಕೊಟ್ಟು ಹಾಗೇ ತಿರುಗಬೇಡ, ದೋಣಿ ಹತ್ತು. ಆರು ವರ್ಷವಾಯಿತು ನೀನು ಮರಳದಿಬ್ಬದ ಆ ತಿರುವು ದಾಟಿ. ಸೋಮವಾರದ ಟ್ರಿಪ್ಪಿನಲ್ಲಿ ನಿನಗೆಂದು ಒಂದು ಸೀಟಿಗೆ ಟಿಕೆಟ್ ಹರಿಯದೆ ಬಿಟ್ಟಿದ್ದೇನೆ. ಆರು ಹೊಡೆಯುವವರೆಗೆ ಕಾಯುತ್ತೇನೆ, ಆಮೇಲೆ ಮೇಲಿನ ದಾಟಿಗೆ ನಡೆದು ಹೋಗುತ್ತೇನೆ.

ನಿನ್ನ ಕೆಮ್ಮು ಬೇಗ ಇಳಿಯಲಿ. ನಿನಗೂ ಅತ್ತಿಗೆಗೂ ಒಳ್ಳೆಯದೇ ಆಗಲಿ.

ಇಂತಿ,
ಗೋಡೆಯ ಈಚೆಯಿಂದ, ನಿನ್ನ ತಂಗಿ