ಬದಿಯ ಮನೆಯಲ್ಲಿ ಮೊದಲು ಯಾರಿದ್ದರು

2-3-58, ಭಾನುವಾರ

ಬೆಳಿಗ್ಗೆ ಬಾಡಿಗೆಗೆ ಕೊಡುವ ನಮ್ಮ ಬದಿಯ ಮನೆ ಗುಡಿಸಿ ಬಂದೆ. ಮೂರು ತಿಂಗಳಿಂದ ಭಾನುವಾರದ ಕೆಲಸ ಇದೇ. ಯಾರೂ ಇಲ್ಲದ ಮನೆಗೆ ಇಷ್ಟು ಧೂಳು ಎಲ್ಲಿಂದ ಬರುತ್ತದೋ. ಅಡಿಗೆಮನೆಯ ಬಾಗಿಲ ದಾರಂದಕ್ಕೆ ಗೆದ್ದಲು ಹತ್ತಿದೆ. ಸೀಮೆಎಣ್ಣೆ ಹಚ್ಚಿದೆ.

ಹನ್ನೊಂದು ಗಂಟೆಗೆ ಮೂಡಬಿದ್ರೆ ಕಡೆಯ ಒಬ್ಬರು ಮೇಷ್ಟ್ರು, ಹೆಂಡತಿ ಬಂದರು. ಬಾವಿ ನೋಡಿದರು, ನೀರು ಕುಡಿದರು, ಚೆಂದ ಉಂಟು ಅಂದರು. ಮೊದಲು ಯಾರಿದ್ದರು ಅಂತ ಕೇಳಿದರು. ಹೇಳಿದೆ — ಬೀಯಮ್ಮ ಅಂತ, ಮುಸಲ್ಮಾನರು, ಬ್ಯಾರಿಗಳು, ಹನ್ನೊಂದು ವರ್ಷ ಇದ್ದರು, ಗಂಡ ತೀರಿಹೋದ, ಈಗ ಮಗ ರವೂಫ್ ಕಕ್ಕಿಂಜೆಯಲ್ಲಿ ಮನೆ ಕಟ್ಟಿ ತಾಯಿಯನ್ನು ಕರಕೊಂಡು ಹೋಗಿದ್ದಾನೆ. ಮೇಷ್ಟ್ರ ಹೆಂಡತಿಯ ಮುಖ ಹುಳಿ ತಿಂದ ಹಾಗಾಯಿತು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು. ಬಸ್ಸು ಇದ್ದದ್ದು ಎರಡೂವರೆಗೆ.

ಹೀಗೆ ಬಂದು ಹೋದವರಲ್ಲಿ ಇವರು ನಾಲ್ಕನೆಯವರು. ಸಂಜೆಯಾದರೆ ಆ ಕಡೆ ದೀಪ ಇಲ್ಲ, ಕೆಮ್ಮು ಇಲ್ಲ, ಕೊಡಪಾನದ ಶಬ್ದ ಇಲ್ಲ. ಮಕ್ಕಳ ಎದುರು ಬೆತ್ತ ಹಿಡಿಯುವ ಹೆಡ್‌ಮಿಸ್ಟ್ರೆಸ್ ನೀಲಾವತಿಗೆ ತನ್ನ ಮನೆಯಲ್ಲೇ ಹೆದರಿಕೆ. ಹೊರಗೆ ಹೇಳುವ ಹಾಗಿಲ್ಲ.

9-3-58

ತಮ್ಮ ಸಂಕಪ್ಪ ಬಂಟ್ವಾಳದಿಂದ ಬಂದಿದ್ದ. ಊಟಕ್ಕೆ ಕುಳಿತಲ್ಲಿಂದಲೇ ಬೈಗಳು. ಪರೀಕ್ಷೆಯಲ್ಲಿ ಕೇಳದ ಪ್ರಶ್ನೆಗೂ ಉತ್ತರ ಬರೆಯುವವಳು ನೀನೊಬ್ಬಳೇ ಅಕ್ಕ, ಅಂದ. ಕೇಳಿದ್ದಕ್ಕಲ್ಲವಾ ಹೇಳಿದ್ದು ಅಂದೆ. ಕೇಳದ ಹಾಗೆ ಮಾಡಬೇಕು ಅಂದ. ಎರಡು ಕೈ ಸುಣ್ಣ, ಹೊಸ ಬಚ್ಚಲು, ಅಂಗಳಕ್ಕೆ ಒಂದು ತುಳಸಿಕಟ್ಟೆ. ಕಟ್ಟೆ ಕಂಡ ಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಆದರೂ ಕೇಳಿದರೆ ನನ್ನ ಮಾವನವರು ಇದ್ದರು ಅಂತ ಹೇಳು.

ಅವನ ಮಾವ ಈ ಊರಿಗೆ ಒಂದು ರಾತ್ರಿ ಉಳಿಯಲಿಕ್ಕೂ ಬಂದವರಲ್ಲ.

ಆಗಲಿಕ್ಕಿಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಸುಣ್ಣಕ್ಕೆ ಎಷ್ಟು ಮೂಟೆ ಬೇಕು ಅಂತ ಕೇಳಿದೆ.

16-3-58

ತುಕ್ರಪ್ಪ ನಾಲ್ಕು ದಿನದಿಂದ ಕೆಲಸ ಮಾಡುತ್ತಿದ್ದಾನೆ. ಕಲ್ಲು ಕಟ್ಟುವುದು, ಸುಣ್ಣ ಹೊಡೆಯುವುದು ಎರಡೂ ಅವನೇ. ಗೋಡೆ ಕೆರೆದ. ಬಾಗಿಲ ಮೇಲೆ ಅಂಟಿಸಿದ್ದ ಅರಬಿ ಅಕ್ಷರದ ಕಾಗದ ನಾನೇ ನೆನೆಸಿ ತೆಗೆದೆ, ಹರಿಯದ ಹಾಗೆ. ಎಲ್ಲಿ ಇಡುವುದು ಗೊತ್ತಾಗಲಿಲ್ಲ. ಟ್ರಂಕಿನಲ್ಲಿ ಉಂಟು.

ಬೀಯಮ್ಮ ನೆಟ್ಟ ಮದರಂಗಿ ಗಿಡ ಕೀಳಿಸಿದೆ. ಅದಕ್ಕೆ ಜಾತಿ ಉಂಟಾ? ಇಲ್ಲ. ಆದರೂ ಕೀಳಿಸಿದೆ.

ಕಟ್ಟೆಯ ಬುಡಕ್ಕೆ ಕಲ್ಲು ಸಾಲಲಿಲ್ಲ. ಬಚ್ಚಲ ಹತ್ತಿರ ಚೆಂದದ ಕಲ್ಲು ಉಂಟಲ್ಲ ಟೀಚರೆ, ಅಂದ ತುಕ್ರಪ್ಪ. ಬೀಯಮ್ಮನ ಗಂಡ ಕಾರ್ಕಳದಿಂದ ಗಾಡಿಯಲ್ಲಿ ತರಿಸಿದ ಕಲ್ಲು. ನಮಾಜಿಗೆ ಮೊದಲು ಅದರ ಮೇಲೆ ಕೂತು ಕೈಕಾಲು ತೊಳೆಯುವುದು. ಅವನು ಹೋದ ಮೇಲೆ ಅವಳು. ಹನ್ನೊಂದು ವರ್ಷ ದಿನಕ್ಕೆ ಐದು ಸಲ. ಗಾಡಿಯಿಂದ ಇಳಿಸಲಿಕ್ಕೆ ಕೈ ಸೇರಿಸಿದವನು ಇದೇ ತುಕ್ರಪ್ಪ.

ತೆಗೆ, ಅಂದೆ.

"ಇದೇ ಕಲ್ಲಾ?" ಅಂತ ಇನ್ನೊಮ್ಮೆ ಕೇಳಿದ. ತೊಳೆದರೆ ಆಯಿತು ಅಂದೆ. ಅವನು ನೀರಿನ ಕೊಡಪಾನ ನನ್ನ ಕಾಲ ಬುಡದಲ್ಲಿ ಇಟ್ಟು ಹಾರೆ ತರಲು ಹೋದ. ಕಟ್ಟೆ ಮಾತ್ರ ಚೆಂದ ಬಂದಿದೆ. ಅದೇ ಸಂಕಟ.

14-4-58, ಬಿಸು, ಹೊಸ ವರ್ಷ

ದೇವರ ಎದುರು ಹೊಸ ಫಲ, ಕನ್ನಡಿ ಜೋಡಿಸಿ ಕಣಿ ಇಟ್ಟೆ. ಒಬ್ಬಳೇ ನೋಡಿದೆ.

ಪ್ರತಿ ಬಿಸುವಿಗೆ ಬೀಯಮ್ಮನಿಗೆ ಒಂದು ಚಿಪ್ಪು ಬಾಳೆಹಣ್ಣು, ಸೌತೆಕಾಯಿ ಕೊಡುವ ಕ್ರಮ. ಉಪವಾಸ ಮುಗಿದು ಪೆರ್ನಾಲ್ ಹಬ್ಬ ಕಳೆದ ಮೇಲೆ ಅವಳು ಬೆಳ್ತಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ತಂದುಕೊಡುವುದು. ಬೇಯಿಸಿದ್ದು ತರುತ್ತಿರಲಿಲ್ಲ, ನಾನೂ ಕೇಳಿದವಳಲ್ಲ. ಈ ಸಲ ಕಳಿಸಲಿಲ್ಲ. ಅವರಿಗೆ ಉಪವಾಸದ ತಿಂಗಳಲ್ಲವಾ ಅಂತ ಮನಸ್ಸಿಗೆ ಹೇಳಿಕೊಂಡೆ. ಸುಳ್ಳು. ಹೋದ ವರ್ಷವೂ ಉಪವಾಸದಲ್ಲೇ ಬಿಸು ಬಂದದ್ದು, ಆಗ ಕೊಟ್ಟಿದ್ದೆ. ಉಪವಾಸದವರಿಗೂ ಸಂಜೆ ಹಸಿವಾಗುತ್ತದೆ.

27-4-58, ಭಾನುವಾರ, ಸಂಜೆ

ಬರೆಯಲೇಬೇಕು. ಬರೆಯದಿದ್ದರೆ ನಾಳೆಗೆ ನಾನೇ ಇದನ್ನು ಬೇರೆ ರೀತಿ ನೆನಪಿಟ್ಟುಕೊಂಡೇನು.

ಬೆಳಿಗ್ಗೆ ಹತ್ತಕ್ಕೆ ಮಲೇರಿಯಾ ಇನ್‌ಸ್ಪೆಕ್ಟರ್ ಬಾಲಸುಬ್ರಹ್ಮಣ್ಯ ಅಂತ ಒಬ್ಬರು ಬಂದರು, ಹೆಂಡತಿ ತ್ರಿಪುರಸುಂದರಿ. ಹವ್ಯಕರು. ಮೆತ್ತಗೆ ಮಾತಾಡುವ ಜನ. ಮನೆ ಖಾಲಿ ಉಂಟಂತಲ್ಲ ಅಂದರು. ಯಾರು ಹೇಳಿದರು ಅಂತ ನಾನು ಕೇಳಲಿಲ್ಲ, ಸಂಕಪ್ಪನೇ ಇರಬೇಕು. ಒಳಗೆ ಊದುಬತ್ತಿ ಹಚ್ಚಿಯೇ ಇಟ್ಟಿದ್ದೆ. ಅವರು ಮೊದಲು ಯಾರಿದ್ದರು ಅಂತ ಕೇಳಲೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಶುರು ಮಾಡಿದೆ — ತಮ್ಮನ ಮಾವನವರು ಇದ್ದರು, ಬಹಳ ಮಡಿವಂತರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮಡಿವಂತರು ಅಂದದ್ದು ಹೆಚ್ಚಾಯಿತೋ ಏನೋ ಅಂತ ಕಂಡಿತು.

ಆ ಹೆಂಗಸು ಕಟ್ಟೆಯ ಹತ್ತಿರ ನಿಂತು ಕಲ್ಲು ಚೆಂದ ಉಂಟು ಅನ್ನುವಾಗ ಗೇಟು ಕಿರ್ರೆಂದಿತು.

ಬೀಯಮ್ಮ. ತಲೆಗೆ ಬಿಳಿ ವಸ್ತ್ರ, ಕಂಕುಳಲ್ಲಿ ಗಂಟು. ಕಕ್ಕಿಂಜೆಯಿಂದ ಬಸ್ಸಿನಲ್ಲಿ ಬಂದು ಆ ಬಿಸಿಲಿಗೆ ನಡೆದಿದ್ದಾಳೆ. ನಗುತ್ತಾ ಬಂದಳು. ಬಾಯಿ ತೆರೆಯುವ ಮೊದಲು ಇನ್‌ಸ್ಪೆಕ್ಟರ ಹೆಂಡತಿ ಯಾರು ಇವರು ಅಂತ ನನ್ನನ್ನು ಕೇಳಿದಳು.

"ಯಾರೋ ಚಾಪೆ ಮಾರುವವಳು," ಅಂದೆ. ಕನ್ನಡದಲ್ಲಿ. ನಮ್ಮಿಬ್ಬರದ್ದು ಯಾವಾಗಲೂ ತುಳು, ಬೀಯಮ್ಮನಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ ಅಂತ ಧೈರ್ಯ. ಹನ್ನೊಂದು ವರ್ಷ ಟೀಚರ ಬದಿಯಲ್ಲಿ ಇದ್ದವಳಿಗೆ ಇಷ್ಟು ಬಾರದೇ ಇರುತ್ತದಾ!

ಅವಳ ಕೈಯಲ್ಲಿ ಒಂದು ಚಾಪೆಯಾದರೂ ಇತ್ತಾ? ಇಲ್ಲ.

ನಿಂತಳು. ನನ್ನನ್ನು ನೋಡಿದಳು. ಸುಣ್ಣ ನೋಡಿದಳು. ಕಟ್ಟೆ ನೋಡಿದಳು, ಅದರ ಬುಡ ನೋಡಿದಳು. ಅವಳ ನಗು ಹೋಗಲಿಲ್ಲ, ಮುಖದ ಮೇಲೆ ಹಾಗೇ ನಿಂತುಬಿಟ್ಟಿತು. ಮತ್ತೆ ಕನ್ನಡದಲ್ಲೇ ನಿಧಾನ ಹೇಳಿದಳು:

"ಚಾಪೆ ಎಲ್ಲ ಮುಗಿದಿದೆ ಅಮ್ಮ. ಇನ್ನೊಮ್ಮೆ ಬರ್ತೇನೆ."

ಅಮ್ಮ ಅಂದಳು ನನ್ನನ್ನು. ನೀಲಕ್ಕ ಅಂತ ಬಿಟ್ಟು ಬೇರೆ ಕರೆದವಳಲ್ಲ. ಗಂಟು ಸಮೇತ ತಿರುಗಿ ಹೋದಳು. ಒಂದು ಲೋಟ ನೀರು ಕೊಡಲಿಲ್ಲ ನಾನು.

ಇನ್‌ಸ್ಪೆಕ್ಟರು ಮನೆ ಒಪ್ಪಿದರು.

ನನಗೆ ಟೈಫಾಯ್ಡ್ ಆದಾಗ ಸ್ವಂತ ತಮ್ಮ ಬಾಗಿಲಲ್ಲಿ ನಿಂತು ಮಾತಾಡಿಸಿ ಹೋದ. ಹದಿನೆಂಟು ದಿನ ನನ್ನ ಅಡಿಗೆಮನೆಗೆ ಬಂದು ಗಂಜಿ ಬೇಯಿಸಿದವಳು, ತಲೆ ಎತ್ತಿ ಹಿಡಿದು ಕುಡಿಸಿದವಳು ಅವಳು. ಥೂ ನನ್ನ ಜನ್ಮಕ್ಕೆ.

11-5-58

ಬದಿಯ ಮನೆಗೆ ಬಂದರು. ಭಟ್ಟರನ್ನು ಕರೆಸಿ ಪುಣ್ಯಾಹ ಮಾಡಿಸಿದರು. ನನಗೆ ಪಾಯಸ. ತಿನ್ನದೆ ಬದಿಗಿಟ್ಟೆ, ಹಲ್ಲುನೋವು ಅಂದೆ. ಈಗ ಸುಳ್ಳು ಸಲೀಸು ಬರುತ್ತದೆ.

18-5-58

ಕಕ್ಕಿಂಜೆಗೆ ಹೋಗುವ ಅಂತ ಹೊರಟೆ. ಬಾಳೆಹಣ್ಣು ತೆಗೆದುಕೊಂಡೆ. ಬಸ್ಸು ಬಂತು. ಹತ್ತಲಿಲ್ಲ. ಮಾಸ್ತರರೊಬ್ಬರು ಸಿಕ್ಕಿ ಎಲ್ಲಿಗೆ ಟೀಚರೆ ಅಂದರು. ಎಲ್ಲಿಗೂ ಇಲ್ಲ ಅಂದೆ. ಅದೊಂದು ಸತ್ಯ.

20-6-58

ಶಾಲೆ ಶುರುವಾಗಿ ಹತ್ತು ದಿನ. ಇವತ್ತು ಸಂಜೆ ತ್ರಿಪುರಸುಂದರಿ ಅಲಸಂಡೆ ಹಿಡಿದುಕೊಂಡು ಬಂದಳು, ಇಬ್ಬರೂ ಜಗಲಿಯಲ್ಲಿ ಮುರಿಯುತ್ತಾ ಕೂತೆವು. ಒಳ್ಳೆಯ ಹುಡುಗಿ. ದಿನಾ ಒಮ್ಮೆ ಬಂದು ವಿಚಾರಿಸದೆ ಇರುವುದಿಲ್ಲ.

ಒಂದು ಕೇಳಿದರೆ ಬೇಸರ ಇಲ್ಲವಲ್ಲ ಅಂದಳು. ಕೇಳು ಅಂದೆ.

"ಬೀಯಮ್ಮನವರು ಮತ್ತೆ ಬರಲಿಲ್ಲವಾ ಟೀಚರೆ?"

ಮುರಿದ ಅಲಸಂಡೆಯನ್ನೇ ಪುನಃ ಮುರಿದೆ.

ಅವಳು ಹೇಳುತ್ತಾ ಹೋದಳು. ಇನ್‌ಸ್ಪೆಕ್ಟರು ಕಕ್ಕಿಂಜೆಯಲ್ಲಿ ಮನೆ ಮನೆಗೆ ಮದ್ದು ಹೊಡೆಸುವಾಗ ರವೂಫನ ಪರಿಚಯವಂತೆ. ಈ ಮನೆಯ ವಿಷಯ ಹೇಳಿದ್ದೇ ಅವನು. ತಾಯಿ ದಿನಾ ಅವನ ತಲೆ ತಿನ್ನುತ್ತಿದ್ದಳಂತೆ — ನೀಲಕ್ಕ ಒಬ್ಬಳೇ ಇದ್ದಾಳೆ, ಬದಿಗೆ ಒಳ್ಳೆಯ ಜನ ಯಾರನ್ನಾದರೂ ಹುಡುಕು ಅಂತ. ಹಾಗಾಗಿ ಅವರಿಗೆ ಮೊದಲೇ ಎಲ್ಲ ಗೊತ್ತು. ನಾನು ತಮ್ಮನ ಮಾವ ಅಂದಾಗ ಗಂಡ ಹೆಂಡತಿಗೆ ಎಂತ ಹೇಳುವುದು ತಿಳಿಯಲಿಲ್ಲವಂತೆ. ಹೆಡ್‌ಮಿಸ್ಟ್ರೆಸ್ಸಿಗೆ ಅದು ಸುಳ್ಳಲ್ಲವಾ ಅಂತ ಹೇಳುವುದು ಹೇಗೆ?

ನಿಮಗೆ ಅಡ್ಡಿ ಆಗಲಿಲ್ಲವಾ ಅಂತ ಕೇಳಿದೆ.

"ಪುಣ್ಯಾಹ ಆದ ಮೇಲೆ ಎಂತ ಉಂಟು ಟೀಚರೆ? ಬ್ರಾಹ್ಮಣರು ಇದ್ದ ಮನೆ ಆದರೂ ಮಾಡಿಸ್ತಿದ್ದೆವು."

ಹೋದ ವಾರ ರವೂಫ್ ಪುನಃ ಸಿಕ್ಕಿದ್ದನಂತೆ. ಪೆರ್ನಾಲ್ ಕಳೆದು ಅಮ್ಮ ಬೆಳ್ತಂಗಡಿಗೆ ಟೀಚರ ಮನೆಗೆ ಹೋಗಿ ಬಂದರು, ಟೀಚರು ಊಟ ಮಾಡಿಸದೆ ಬಿಡಲಿಲ್ಲವಂತೆ, ಗಂಟು ನನ್ನ ಹೆಸರಲ್ಲಿ ಮಕ್ಕಳಿಗೆ ಇರಲಿ ಅಂತ ಅವರೇ ವಾಪಸು ಕೊಟ್ಟರಂತೆ — ಹಾಗಂತ ಹೇಳಿದನಂತೆ, ಬಹಳ ಸಂತೋಷದಿಂದ.

"ಒಮ್ಮೆ ಅವರನ್ನು ಕರೆಸಿ ಟೀಚರೆ. ಮನೆ ಕೊಡಿಸಿದವರನ್ನು ನಾವು ನೋಡಿಯೇ ಇಲ್ಲ."

ಕರೆಸುವ, ಅಂದೆ.

22-6-58, ಭಾನುವಾರ

ಮಳೆ. ಬೆಳಿಗ್ಗೆಯಿಂದ ಇನ್‌ಲ್ಯಾಂಡ್ ಲೆಟರ್ ಎದುರಿಗೆ ಇಟ್ಟುಕೊಂಡು ಕೂತಿದ್ದೇನೆ. ಬೀಯಮ್ಮನಿಗೆ ಓದಲು ಬಾರದು. ಕಲಿಸುತ್ತೇನೆ ಅಂತ ಪ್ರತಿ ವರ್ಷ ಹೇಳಿದೆ, ಕಲಿಸಲಿಲ್ಲ. ಮಗನೇ ಓದಿ ಹೇಳಬೇಕು. ತಪ್ಪಾಯಿತು ಅಂತ ಬರೆದರೆ, ತಾಯಿ ಯಾರ ಮಾನ ಉಳಿಸಲಿಕ್ಕೆ ತನಗೆ ಸುಳ್ಳು ಹೇಳಿದಳು ಅಂತ ಅವನಿಗೆ ಗೊತ್ತಾಗುತ್ತದೆ. ಬರೆಯದಿದ್ದರೆ ನಾನು ಅವಳಿಗೆ ಊಟ ಮಾಡಿಸಿದವಳಾಗಿಯೇ ಉಳಿಯುತ್ತೇನೆ.

ಮೂರು ಸಲ ಇಲ್ಲಿ ಬರೆದು ನೋಡಿದೆ. ಎರಡು ಹೊಡೆದು ಹಾಕಿದೆ. ಇದು ಮೂರನೆಯದು:

ಪ್ರೀತಿಯ ಬೀಯಮ್ಮ, ನೀನು ಬಂದ ದಿನ ನಾನು ನಿನಗೆ ಊಟಕ್ಕೆ —