ದನಿ ಕೊಟ್ಟ ಅಕ್ಕನಿಗೆ

ಅಕ್ಕಾ, ನಮಸ್ಕಾರ.

ನಾವಿಬ್ಬರೂ ಮುಖ ನೋಡಿಕೊಂಡದ್ದು ಒಂದೇ ಸಲ, ಡಬ್ಬಿಂಗ್ ಕೋಣೆಯ ಬಾಗಿಲಲ್ಲಿ. ಆದರೂ ನನ್ನ ಸಿನಿಮಾಗಳಲ್ಲೆಲ್ಲ ಮಾತಾಡಿದವರು ನೀವೇ. ನಾಟಕದಿಂದ ಬಂದ ನನ್ನ ಗಂಟಲು ಒರಟು ಎಂದು ನಿರ್ಮಾಪಕರು ಮೊದಲ ಚಿತ್ರದಲ್ಲೇ ತೀರ್ಮಾನಿಸಿದ್ದರು.

ಈಗ ಸಿನಿಮಾದವರು ಕರೆಯುವುದಿಲ್ಲ, ಮತ್ತೆ ನಾಟಕಕ್ಕೆ ಬಂದಿದ್ದೇನೆ. ಕಳೆದ ಶನಿವಾರ ಮೊದಲ ಪ್ರದರ್ಶನ. ನಾನು ಬಾಯಿ ತೆರೆದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬ, "ಏನಮ್ಮಾ, ನೆಗಡಿನಾ?" ಎಂದು ಕೂಗಿದ. ಸಭಾಂಗಣವೆಲ್ಲ ನಕ್ಕಿತು. ನಗು ಅಡಗುವವರೆಗೆ ಕಾದು ಅದೇ ಮಾತನ್ನು ಮತ್ತೆ ಹೇಳಿದೆ. ಕೊನೆಯ ಅಂಕದ ಹೊತ್ತಿಗೆ ಯಾರೂ ಕೆಮ್ಮಲೂ ಇಲ್ಲ.

ಆದರೆ ಆ ನಗು ಕೇಳಿ ನಮ್ಮ ನಾಟಕ ತಂಡದ ಮ್ಯಾನೇಜರಿಗೆ ಜೀವ ಬಾಯಿಗೆ ಬಂದಿದೆ. "ಆ ಅಕ್ಕನ ಹತ್ರ ಎಲ್ಲಾ ಮಾತೂ ರೆಕಾರ್ಡ್ ಮಾಡಿಸ್ಕೊಂಡು ಬರ್ತೀನಿ, ನೀವು ಬರೀ ತುಟಿ ಆಡಿಸಿದ್ರೆ ಸಾಕು" ಎನ್ನುತ್ತಿದ್ದಾರೆ. ನಾಳೆ ನಿಮ್ಮ ಮನೆಗೆ ಬರಬಹುದು. ದಯವಿಟ್ಟು ಒಪ್ಪಬೇಡಿ.

ನಿಮಗೂ ಈಗ ಕೆಲಸ ಕಡಿಮೆಯೆಂದು ಕೇಳಿದ್ದೇನೆ. ಅದಕ್ಕೇ ಇನ್ನೊಂದು ಮಾತು. ನಾಟಕದಲ್ಲಿ ನನ್ನೊಡನೆ ಜಗಳವಾಡುವ ಅತ್ತಿಗೆಯ ಪಾತ್ರವಿದೆ. ಅದನ್ನು ಮಾಡುತ್ತಿದ್ದವಳು ಹೆರಿಗೆಗೆ ಹೊರಟಿದ್ದಾಳೆ. ಆ ಪಾತ್ರ ನೀವು ಮಾಡಿ. ನನ್ನದೆಂದುಕೊಂಡಿದ್ದ ದನಿ ನಿಮ್ಮ ಬಾಯಿಂದ ಬಂದಾಗ ಜನ ಕಕ್ಕಾಬಿಕ್ಕಿಯಾದರೆ ಆಗಲಿ. ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು ಎಂಬುದನ್ನು ನಾನು ಹೇಳಿಕೊಡುತ್ತೇನೆ.

ಸೋಮವಾರ ಬೆಳಿಗ್ಗೆ ತಾಲೀಮು. ನಟರೆಲ್ಲ ಹಿಂಬಾಗಿಲಿನಿಂದ ಬರುತ್ತಾರೆ, ಆದರೆ ಮೊದಲ ದಿನ ನೀವು ಮುಂಬಾಗಿಲಿಗೇ ಬನ್ನಿ. ನಾನು ಅಲ್ಲಿ ನಿಂತಿರುತ್ತೇನೆ.

ನಿಮ್ಮ ದಾರಿ ನೋಡುವ,
ತಂಗಿ