ಖಾಲಿ ಬಿಡಬೇಕಿದ್ದ ಆರನೇ ಮನೆ

ಮಗ್ಡಲೀನಾ, ನ್ಯೂ ಮೆಕ್ಸಿಕೊ
ಮೇ 6, 1957

ಪ್ರೀತಿಯ ಡ್ವೇನ್ ಅಣ್ಣನಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ನಗಬೇಡ. ಅಪ್ಪನ ಕಾಲು ಹೋದ ಮೇಲೆ ದನ ನೋಡಿಕೊಳ್ಳಲು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಏಳು ವರ್ಷದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಮೊಂಟಾನಾದ ನಿನ್ನ ವಿಳಾಸ ಅತ್ತೆ ಕೊಟ್ಟರು.

ಅಜ್ಜನ ರಿವಾಲ್ವರ್ ನೋಡಲು ಶನಿವಾರ ಆಲ್ಬುಕರ್ಕಿಯಿಂದ ಹ್ಯಾಸ್ಕೆಲ್ ಎಂಬವರು ಬಂದಿದ್ದರು. ಹಳೆಯ ಬಂದೂಕು ಸಂಗ್ರಹಿಸುವವರು. ಅಪ್ಪ ಅದನ್ನು ಮಾರಲು ಹೊರಟದ್ದು ದುಡ್ಡಿಗಲ್ಲ. ಕಾಲಿಗೆ ಗುಂಡು ತಾಗಿದ ಆ ದಿನದಿಂದ ಅದು ಕಣ್ಣಿಗೆ ಬೀಳಬಾರದೆಂದು ಬಟ್ಟೆ ಸುತ್ತಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದರು.

ಹ್ಯಾಸ್ಕೆಲ್ ಅದನ್ನು ಕಿವಿಯ ಹತ್ತಿರ ಹಿಡಿದು, ಹೆಬ್ಬೆರಳಿನಿಂದ, ಗುಂಡಿಗೆ ಬಡಿಯುವ ಹ್ಯಾಮರನ್ನು ಮೆಲ್ಲಗೆ ಹಿಂದಕ್ಕೆಳೆದರು.

"ನಾಲ್ಕು ಸಲ ಟಿಕ್ ಅನ್ಬೇಕು. ಇದು ಮೂರೇ ಅಂತು. ಒಳಗೆ ಹಲ್ಲು ಮುರಿದಿದೆ. ಹ್ಯಾಮರಿನ ತುದೀನೂ ಜಜ್ಜಿದೆ ನೋಡಿ. ಇದು ಕಲ್ಲಿನ ಮೇಲೆ ಬಿದ್ದಿದೆ ರೀ."

ಅಪ್ಪನ ಕೈಯಲ್ಲಿ ಕಾಫಿ ಲೋಟ ಹಾಗೇ ನಿಂತಿತು. "ಬಿದ್ರೂ ಗುಂಡು ಹಾರಬಾರದಲ್ಲ! ಇದರ ಗುಂಡಿನ ಆರು ಮನೆಗೆ ನಾನು ತುಂಬೋದು ಐದೇ ಗುಂಡು. ಹ್ಯಾಮರ್ ಖಾಲಿ ಮನೆ ಮೇಲೇ ಇರತ್ತೆ. ನನ್ನ ಮಗ ಹ್ಯಾಮರ್ ಎಳೆದು ಬೆರಳಲ್ಲಿ ಗರಗರ ತಿರುಗಿಸ್ತಿದ್ದ, ಅದಕ್ಕೇ ನನ್ನ ಮಂಡಿ ಹೋಯ್ತು."

"ತಿರುಗಿಸಿದ್ರೆ ಹ್ಯಾಮರ್ ಯಾಕೆ ಜಜ್ಜತ್ತೆ, ಯಜಮಾನ್ರೇ? ಆವತ್ತು ಒಂದು ಗುಂಡು ಜಾಸ್ತಿ ಇತ್ತು, ಅಷ್ಟೇ."

"ನನಗೆ ಐದರ ತನಕ ಎಣಿಸೋಕೆ ಬರಲ್ಲ ಅಂತೀಯೇನಯ್ಯಾ?" ಎಂದು ಅಪ್ಪ ಊರುಗೋಲು ಹಿಡಿದು ಎದ್ದರು.

ಹೊರಗಿನವರ ಮುಂದೆ ನನ್ನ ಹೆಸರು ಹೇಳಲೂ ನಾಚುವವಳು ನಾನು. ಆದರೂ ಬಾಯಿ ಬಿಟ್ಟೆ, ಅಣ್ಣ. "ಆರನೇದು ಹಾಕಿದ್ದು ನಾನಪ್ಪಾ" ಅಂದೆ.

ಆ ಬೆಳಿಗ್ಗೆ ಅಪ್ಪ ರಿವಾಲ್ವರ್ ಇದ್ದ ಸೊಂಟದ ಪಟ್ಟಿ ಬಿಚ್ಚಿಟ್ಟು ಮುಖ ತೊಳೆಯಲು ಹೋಗಿದ್ದರು. ಒಂದು ಮನೆ ಖಾಲಿ ಇತ್ತು. ಮರೆತಿದ್ದಾರೆಂದು ನಾನು ತುಂಬಿದೆ. ಅದನ್ನು ಯಾಕೆ ಖಾಲಿ ಬಿಡುತ್ತಾರೆಂದು ನಿನಗೆ ಗೊತ್ತಿತ್ತು, ಒಂಬತ್ತು ವರ್ಷದ ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ಲಾಯದಲ್ಲಿ ನೀನು ಪಟ್ಟಿಯನ್ನು ಗೂಟಕ್ಕೆ ಹಾಕುವಾಗ ರಿವಾಲ್ವರ್ ಜಾರಿ ಕಲ್ಲಿನ ಮೇಲೆ ಬಿತ್ತು, ಗುಂಡು ಹಾರಿ ಅಪ್ಪನ ಮಂಡಿಗೆ ಹೊಕ್ಕಿತು. "ತಾನಾಗೇ ಹಾರ್ತು" ಎಂದು ನೀನು ಅಳುತ್ತ ಹೇಳಿದೆ. "ಸುಳ್ಳ! ಐದೇ ಇದ್ದದ್ದು" ಎಂದು ಅಪ್ಪ ನೋವಿನಲ್ಲೂ ಕೂಗಿದರು. ನಾನು ಏನು ಮಾಡಿದ್ದೇನೆಂದು ಆಗ ತಿಳಿಯಿತು. ನೀನು ಅವರನ್ನು ಟ್ರಕ್ಕಿನಲ್ಲಿ ಆಸ್ಪತ್ರೆಗೆ ಒಯ್ದ ಮೇಲೆ ನಾನು ಒಂದು ಗುಂಡು ತೆಗೆದು ದನದ ನೀರಿನ ತೊಟ್ಟಿಗೆ ಎಸೆದೆ. ಉಳಿದದ್ದು ನಾಲ್ಕು ಗುಂಡು, ಹಾರಿದ ಗುಂಡಿನ ಒಂದು ಖಾಲಿ ಕೊಳವೆ. ಯಾರು ಎಣಿಸಿದರೂ ಐದೇ. ಸುಳ್ಳ ಅನ್ನಿಸಿಕೊಂಡು ನೀನು ಮನೆ ಬಿಟ್ಟು ಹೋಗುವಾಗ ನಾನು ಕೋಳಿಗೂಡಿನಲ್ಲಿ ಅಡಗಿದ್ದೆ.

ಅಪ್ಪ ಹೊಡೆಯುತ್ತಾರೆ ಅಂದುಕೊಂಡೆ. ಅವರು ಊರುಗೋಲು ಬದಿಗಿಟ್ಟು ಕುಳಿತರು. "ಹಾಗಾದ್ರೆ ನನ್ನ ಮಗ ನಿಜಾನೇ ಹೇಳಿದ್ದ ಕಣೇ" ಎಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದನ್ನೇ ಹೇಳಿದರು, ಈ ಸಲ ಮುಖ ಅರಳಿತ್ತು. ರಿವಾಲ್ವರ್ ಮಾರುವುದಿಲ್ಲವಂತೆ. "ಮೂರು ಟಿಕ್ಕಿನದು ನನಗೂ ಬೇಡ ಬಿಡಿ" ಎಂದು ಹ್ಯಾಸ್ಕೆಲ್ ನಗುತ್ತ ಹೊರಟರು. ಆವತ್ತು ನಾನು ಬೀನ್ಸ್ ಎರಡು ಸಲ ಹಾಕಿಸಿಕೊಂಡು ತಿಂದೆ. ಎಷ್ಟು ಹಗುರಾಗಿದ್ದೇನೆಂದು ಬರೆಯಲು ನನಗೆ ಬರುವುದಿಲ್ಲ.

ಕ್ಷಮಿಸು ಎಂದು ಬರೆಯಲು ಮೂರು ಸಲ ಹೊರಟು ನಿಲ್ಲಿಸಿದೆ. ಈಗ ಬರೆದಿದ್ದೇನೆ.

ನಿನ್ನ ತಂಗಿ,
ಲಿಯೋಟ

ಇನ್ನೊಂದು ಮಾತು: ನಿನಗೆ ಬಾ ಎಂದು ಬರೆಯಲು ಅಪ್ಪ ಹೇಳಿಲ್ಲ. ಅಂಥ ಮಾತು ಅವರ ಬಾಯಿಂದ ಬರುವುದಿಲ್ಲ, ನಿನಗೇ ಗೊತ್ತು. ಆದರೆ ಇವತ್ತು ಬೆಳಿಗ್ಗೆ ನಿನ್ನ ಕುದುರೆಯ ಜೀನನ್ನು ಹೊರಗೆ ತಂದು ಎಣ್ಣೆ ಹಚ್ಚಿದರು. "ಹದಿನೈದಕ್ಕೆ ಹೋದೋನು, ಕಾಲು ಉದ್ದ ಆಗಿರತ್ತೆ" ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡು, ಕಾಲಿಡುವ ರಿಕಾಪಿನ ಪಟ್ಟಿಗಳನ್ನು ಎರಡು ತೂತು ಕೆಳಗಿಳಿಸಿ ಕಟ್ಟಿದರು.